ಬೀಳದ ಗುಡ್ಡದ ಮೇಡಂ

ಮೇಡಂ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ಅವರ ತಂಗಿ. ಹೂಮಳೆ ಮುಗಿದು ಕಾಫಿ ಗಿಡಗಳಲ್ಲಿ ಕಾಯಿ ಕಚ್ಚುತ್ತಿದ್ದ ದಿನಗಳು. ನಾನು ಕಣದಲ್ಲಿ ಕೊನೆಯ ಕೊಯ್ಲಿನ ಮೆಣಸು ಹರವುತ್ತಿದ್ದೆ. ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕ ಹೋಗಿಬಿಟ್ರು. ನಿಮಗೆ ಹೇಳ್ಬೇಕು ಅನ್ನಿಸ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಸಕಲೇಶಪುರದ ಕಡೆ ಮಳೆ ಹಿಡೀತಾ ಅಂತ ಕೇಳ್ತಾನೇ ಇದ್ರು," ಎಂದರು.

ಮಳೆಗಾಲಕ್ಕೆ ಇನ್ನೂ ತಿಂಗಳ ಮೇಲೇ ಇತ್ತು. ಫೋನ್ ಇಟ್ಟ ಮೇಲೆ ನನಗೆ ಅಳು ಬರಲಿಲ್ಲ. ಬಂದದ್ದು ಒಂಥರಾ ದಿಗಿಲು. ಕಣದ ಆಚೆ, ನಮ್ಮ ಮೇಲಿನ ಗುಡ್ಡದ ಕಡೆ ಕಣ್ಣು ತಾನಾಗಿಯೇ ಹೋಯಿತು. ಬಿಸಿಲಿಗೆ ಗುಡ್ಡ ಸುಮ್ಮನೆ ನಿಂತಿತ್ತು.

ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ನಮ್ಮಲ್ಲಿಯೂ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಮೊದಮೊದಲು 'ಮಣ್ಣಿನ ಮೇಡಂ' ಆಗಿದ್ದರು. ಆಮೇಲೆ ಊರಿನವರು ಇನ್ನೊಂದು ಹೆಸರಿಟ್ಟರು. ಆ ಹೆಸರು ಹೇಗೆ ಬಂತು ಎಂಬುದೇ ಈ ಬರಹದ ಬಹುಪಾಲು.

ಯಸಳೂರಿನಿಂದ ವನಗೂರಿನ ಕಡೆ ಹತ್ತುವ ದಾರಿಯಲ್ಲಿ ನಮ್ಮ ತೋಟ. ನಾನು ಮತ್ತು ಅಣ್ಣ ಪಾಲಾಗದೆ ನೋಡಿಕೊಂಡು ಬಂದಿದ್ದೇವೆ. ಅಣ್ಣ ಹೇಳಿದ್ದೇ ನಡೆಯುವುದು. ಸುತ್ತಮುತ್ತ ಎಲ್ಲೆಲ್ಲೋ ಗುಡ್ಡ ಜರಿದ ಸುದ್ದಿ ಕೇಳಿಬರುತ್ತಿದ್ದ ಒಂದು ವರ್ಷ, ಬೇಸಗೆಯ ಕೊನೆಗೆ, ಮೇಡಂ ನಮ್ಮ ಅಂಗಳಕ್ಕೆ ಬಂದು ನಿಂತರು. ಸಣಕಲು ದೇಹ, ತಲೆಗೆ ಬಿಗಿದ ಸ್ಕಾರ್ಫ್, ಮಳೆಯಿಲ್ಲದಿದ್ದರೂ ಕೈಯಲ್ಲಿ ಕೊಡೆ. ಮೈಸೂರಿನ ಕಡೆಯವರು. ಯಾವುದೋ ಸಂಶೋಧನೆಯ ಕೆಲಸದಲ್ಲಿದ್ದರು. ಮರದ ಹೊದಿಕೆ ಬೇರೆಬೇರೆಯಾದರೆ ಬುಡದ ಮಣ್ಣಿನ ಸಾರ ಹೇಗೆ ಬದಲಾಗುತ್ತದೆ ಎಂದು ನೋಡುವುದು ಆ ಕೆಲಸ. ಕಾಡುಮರಗಳ ನೆರಳಿನ ಮಣ್ಣು, ಬರೀ ಸಿಲ್ವರ್ ಓಕ್ ನೆಟ್ಟ ತೋಟದ ಮಣ್ಣು, ಹುಲ್ಲುಬೋರೆಯ ಮಣ್ಣು, ಬೋಳಿಸಿದ ಇಳಿಜಾರಿನ ಮಣ್ಣು. ನಮ್ಮ ಮೇಲಿನ ಗುಡ್ಡದಲ್ಲಿ ಹಲಸು, ನಂದಿ, ಹೊನ್ನೆ, ಅತ್ತಿ ಎಲ್ಲ ಕಲೆಸಿ ಬೆಳೆದಿದ್ದವು. ಅದನ್ನು ನೋಡಲು ಅಣ್ಣನ ಒಪ್ಪಿಗೆ ಬೇಕಿತ್ತು. ಅಣ್ಣ, "ಮಣ್ ತಾನೇ, ತಗಂಡ್ ಹೋಗಿ," ಎಂದುಬಿಟ್ಟ. ಅತ್ತಿಗೆ ಕಾಫಿ ತುಂಬಿಡುವ ಸ್ಟೋರಿನ ಪಕ್ಕದ ಖಾಲಿ ಕೋಣೆಯನ್ನು ಗುಡಿಸಿ ಕೊಟ್ಟರು. ಅಲ್ಲಿಂದ ಎರಡು ಮಳೆಗಾಲ ಅವರು ನಮ್ಮ ಮನೆಯವರಂತೆಯೇ ಇದ್ದರು.

ಅವರಷ್ಟು ಧೈರ್ಯದ ಹೆಂಗಸನ್ನೂ ಅವರಷ್ಟು ಅಂಜುಬುರುಕರನ್ನೂ ನಾನು ನೋಡಿಲ್ಲ. ಜಿಗಣೆ ಮೊಣಕಾಲಿನವರೆಗೆ ಹತ್ತಿದ್ದರೂ ತಮ್ಮ ಪಾಡಿಗೆ ಮಣ್ಣು ಅಗೆಯುತ್ತಿದ್ದರು. ಒಂದು ದಿನ ಕೆಳಗಿನ ತೋಟದಲ್ಲಿ ಆನೆ ಇದೆ ಎಂದು ಅರಣ್ಯ ಇಲಾಖೆಯ ಜೀಪಿನವರು ಕೂಗಿ ಹೇಳಿದಾಗ, "ಈ ಒಂದು ಗುಂಡಿ ಮುಗಿಸಿ ಬರ್ತೀನಿ," ಎಂದವರು. ಆದರೆ ಮಳೆ ಬಿದ್ದ ಬೆಳಿಗ್ಗೆ ಹಳ್ಳದ ನೀರು ಕೆಂಪಗೆ ಇಳಿಯುತ್ತಿದ್ದರೆ ಅವರ ಮುಖ ಬಿಳುಚಿಕೊಳ್ಳುತ್ತಿತ್ತು. ಕಾಫಿ ಲೋಟ ಹಿಡಿದುಕೊಂಡೇ ಸೇತುವೆಯವರೆಗೆ ನಡೆದುಹೋಗಿ ನೀರನ್ನು ನೋಡುತ್ತ ನಿಲ್ಲುತ್ತಿದ್ದರು. ಕಾಫಿ ಆರಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಅತ್ತಿಗೆ, "ಆಯಮ್ಮ ಒಂದ್ ದಿನಾನಾರ ಬಿಸಿ ಕಾಫಿ ಕುಡ್ದಿದ್ ನಾನ್ ನೋಡ್ನಿಲ್ಲ," ಎನ್ನುತ್ತಿದ್ದರು.

ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೊರಡುವ ಮುಂಚೆ ಬೂಟಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ಅಲ್ಲಿಯೇ ಉದುರಿಸುತ್ತಿದ್ದರು. ಯಾಕೆ ಎಂದು ಕೇಳಿದೆ. "ಇಲ್ಲೀದು ಇಲ್ಲೇ ಇರ್ಲಿ. ಮೊದಲೇ ಕಡಿಮೆ ಇದೆ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮಣ್ಣಿನ ಚೀಲಗಳನ್ನು ಅವರೇ ಬಸ್ಸಿನಲ್ಲಿ ಸಕಲೇಶಪುರಕ್ಕೆ ಒಯ್ದು ಅಲ್ಲಿಂದ ಮುಂದಕ್ಕೆ ಕಳಿಸಬೇಕಿತ್ತು. ಒಮ್ಮೆ ಕಂಡಕ್ಟರು ಚೀಲ ಮುಟ್ಟಿ, "ಏನಮ್ಮಾ ಇಷ್ಟ್ ಭಾರ, ಕಾಫಿ ಬೀಜವಾ?" ಎಂದು ಕೇಳಿದನಂತೆ. ಮಣ್ಣು ಎಂದಾಗ, "ನಮ್ಮೂರಲ್ಲಿ ಇಲ್ದಿರಾ ಮಣ್ಣಾ ಇದು?" ಎಂದು ಬಸ್ಸಿನವರೆಲ್ಲ ನಗುವ ಹಾಗೆ ಹೇಳಿದನಂತೆ. ಅದನ್ನು ನಮಗೆ ಹೇಳಿ ತಾವೂ ನಕ್ಕರು. ಆದರೆ ಬಸ್ಸಿಳಿಯುವ ತನಕ ಚೀಲಗಳ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರಂತೆ, ಯಾರಾದರೂ ಕಿಟಕಿಯಿಂದ ಆಚೆ ಎಸೆದುಬಿಟ್ಟರೆ ಎಂದು.

ನಮ್ಮಲ್ಲಿಗೆ ಬರುವ ಮೊದಲು ಅವರು ಈಶಾನ್ಯ ಭಾರತದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಕೆಲಸ ಮಾಡಿದ್ದರು. ಅಲ್ಲಿಯ ಮಾತು ಬಂದರೆ ಅವರ ಧ್ವನಿ ತಗ್ಗುತ್ತಿತ್ತು. ಆ ಕಲ್ಲು ಮಳೆನೀರಿಗೆ ಕರಗುವ ಜಾತಿಯದು. ಒಳಗೆಲ್ಲ ಸೀಳು, ಪೊಟರೆ, ಗವಿ. "ಇಲ್ಲಿ ಮಣ್ಣು ಹಳ್ಳಕ್ಕೆ ಹೋಗೋದಾದ್ರೂ ಕಣ್ಣಿಗೆ ಕಾಣುತ್ತೆ. ಅಲ್ಲಿ ಹಾಗಲ್ಲ. ಮರ ಹೋದ ಮೇಲೆ ಮಣ್ಣು ಬಂಡೆ ಸೀಳಿನೊಳಗೆ ಇಳಿದುಹೋಗುತ್ತೆ. ನೆಲವೇ ನುಂಗಿದ ಹಾಗೆ. ಕೊನೆಗೆ ಬೆಳ್ಳನೆ ಕಲ್ಲು ಮಾತ್ರ ನಿಂತಿರುತ್ತೆ," ಎಂದಿದ್ದರು. ಆ ಕಲ್ಲಿನ ಸಂದುಗಳಲ್ಲಿ ಹಿಡಿಹಿಡಿ ಮಣ್ಣು ಉಳಿದ ಕಡೆ ಹೆಂಗಸರು ಮೆಣಸಿನ ಗಿಡ ನೆಟ್ಟುಕೊಳ್ಳುತ್ತಿದ್ದರಂತೆ.

ಅಂಥ ಒಂದು ಹಳ್ಳಿಗೆ ಇವರು ಸಲಹೆ ಕೊಟ್ಟಿದ್ದರು, ಬೇಗ ಬೆಳೆಯುವ ಒಂದೇ ಜಾತಿಯ ಮರ ನೆಡಿ ಎಂದು. ಗುಡ್ಡ ಹಸಿರಾಯಿತು. ದೂರದಿಂದ ನೋಡಿದವರು ಹೊಗಳಿದರು. ಆದರೆ ಉದುರಿದ ಎಲೆ ಕೊಳೆಯಲೊಲ್ಲದು, ಬುಡದಲ್ಲಿ ಹುಲ್ಲು ಹುಟ್ಟಲೊಲ್ಲದು. ಮಣ್ಣು ಮೊದಲಿಗಿಂತ ಬಡವಾಯಿತು. "ಹೊದಿಕೆ ಇದ್ರೆ ಸಾಲದು, ಯಾವ ಹೊದಿಕೆ ಅನ್ನೋದೂ ಮುಖ್ಯ ಅಂತ ಆಗ ನನಗೆ ಗೊತ್ತಾಗಿದ್ದು. ಅವರ ಖರ್ಚಿನಲ್ಲಿ," ಎಂದರು. ಅಲ್ಲಿಂದೀಚೆಗೆ ಯಾರಾದರೂ ಏನು ಮಾಡಲಿ ಎಂದು ನೇರವಾಗಿ ಕೇಳಿದರೆ ಮೇಡಂ ತಡವರಿಸುತ್ತಿದ್ದರು. ಇರಬಹುದು, ನೋಡೋಣ, ಹೇಳೋಕಾಗಲ್ಲ. ಅಣ್ಣನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಮೇಡಂ ಬಂದ ಮರುವರ್ಷ ಅಣ್ಣ ಮೇಲಿನ ಗುಡ್ಡ ಸವರಿ ಶುಂಠಿ ಹಾಕುವ ಮಾತು ತೆಗೆದ. ಶುಂಠಿಗೆ ಒಳ್ಳೆಯ ಬೆಲೆ ಬಂದಿತ್ತು. ಆಲೂರಿನ ಪಾಳ್ಯದ ಕಡೆ ನಮ್ಮ ನೆಂಟರು ಗದ್ದೆಯಲ್ಲಿ ಶುಂಠಿ ಮಾಡಿ ಚೆನ್ನಾಗಿದ್ದರು. ಮೇಡಂ ಅದನ್ನು ಕೇಳಿ ಊಟದ ತಟ್ಟೆ ಬಿಟ್ಟು ಎದ್ದರು. ಕೋಣೆಗೆ ಹೋಗಿ ಎರಡು ಮಣ್ಣಿನ ಹೆಂಟೆ ತಂದು ಜಗುಲಿಯ ಮೇಲೆ ಎರಡು ಗಾಜಿನ ಲೋಟದ ನೀರಿನಲ್ಲಿ ಬಿಟ್ಟರು. ಒಂದು ನಮ್ಮ ಗುಡ್ಡದ ಕಾಡುಮರಗಳ ಬುಡದ್ದು, ಇನ್ನೊಂದು ಯಾರದೋ ಹಳೆಯ ಶುಂಠಿ ಹೊಲದ್ದು. ಶುಂಠಿ ಹೊಲದ ಹೆಂಟೆ ನೋಡನೋಡುತ್ತಲೇ ಬಿರಿದು ಕೆಸರಾಗಿ ತಳಕ್ಕೆ ಕೂತಿತು. ಕಾಡಿನ ಹೆಂಟೆ ನೀರಿನಲ್ಲಿ ಹಾಗೆಯೇ ನಿಂತಿತ್ತು.

"ಎಲೆ ಕೊಳೆತು ಆದ ಕಪ್ಪು ಇದೆಯಲ್ಲ, ಅದೇ ಇದನ್ನ ಹಿಡಿದಿಟ್ಟಿರೋದು. ಗಿಡಕ್ಕೆ ಬೇಕಾದ ಸಾರ ಎಲ್ಲಾ ಇರೋದೂ ಅದರಲ್ಲೇ. ಮೇಲಿನ ಒಂದು ಗೇಣು ಅಷ್ಟೇ. ಅದರ ಕೆಳಗೆ ಬರೀ ಕೆಂಪು, ಅದರ ಕೆಳಗೆ ಬಂಡೆ," ಎಂದರು ಮೇಡಂ.

ಅಣ್ಣ ಲೋಟಗಳನ್ನು ನೋಡಿದ. "ಅಲ್ಲ ಮೇಡಮ್ಮೋರೇ, ಇದೆಲ್ಲಾ ಇಸ್ಕೂಲ್ ಮಕ್ಳಿಗ್ ತೋರ್ಸದು. ಕಡೀಬೋದೋ ಬ್ಯಾಡ್ವೋ, ಅದೊಂದ್ ಹೇಳಿ."

"ಒಂದು ಮಳೆಗಾಲ ಕಾದು ನೋಡಿದ್ರೆ…"

"ಮಳೆಗಾಲ ನೋಡ್ಕಂಡ್ ಕೂತ್ರೆ ಶುಂಠಿ ಹಾಕದ್ ಯಾವಾಗ?"

"ಬೇಡ ಅಂತ ನನಗೆ ಅನ್ನಿಸುತ್ತೆ. ಆದ್ರೆ ಖಂಡಿತ ಹೀಗೇ ಆಗುತ್ತೆ ಅಂತ ನಾನು ಹೇಗೆ ಹೇಳ್ಲಿ ಗೌಡ್ರೇ?"

"ಹೇಳಕ್ಕಾಗಲ್ಲ ಅಂದ್ಮೇಲೆ ಆಯ್ತಲ್ಲ," ಎಂದು ಅಣ್ಣ ಎದ್ದುಹೋದ.

ಅತ್ತಿಗೆ ಮತ್ತು ನಾನು ಬಡಕೊಂಡ ಮೇಲೆ ಅರ್ಧ ಗುಡ್ಡ ಉಳಿಯಿತು. ರಸ್ತೆಗೆ ಹತ್ತಿರದ ಅರ್ಧ ಬೋಳಾಯಿತು. ಬುಡದ ಕುರುಚಲು, ಜರಿಗಿಡ ಸಹಿತ ಎಲ್ಲ ಹೋಗಿ, ನೀರು ನಿಲ್ಲದಿರಲೆಂದು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಕಾಲುವೆ ಹೊಡೆದರು. ಆ ಅರ್ಧದ ಕೆಳಗೇ ನಮ್ಮ ಕೆಲಸದವರ ಲೈನ್ ಮನೆಗಳು. ಮೇಡಂ ಆ ದಿನಗಳಲ್ಲಿ ಗುಡ್ಡಕ್ಕಿಂತ ಹೆಚ್ಚಾಗಿ ಲೈನಿನ ಹಿಂದೆ ಓಡಾಡುತ್ತಿದ್ದರು. ಅಲ್ಲಿಂದ ಮೇಲಕ್ಕೆ ನೋಡುವುದು, ಕನ್ನಡಕ ಒರೆಸುವುದು, ಮತ್ತೆ ನೋಡುವುದು.

ಆ ವರ್ಷ ಆಷಾಢದಲ್ಲಿ ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ಮೇಡಂ ನನ್ನನ್ನು ಕರೆದುಕೊಂಡು ಮೇಲೆ ಹತ್ತಿದರು. ಬೋಳಿಸಿದ ಭಾಗದ ನೆತ್ತಿಯಲ್ಲಿ, ಉಳಿದ ಮರಗಳು ಶುರುವಾಗುವ ಕಡೆ, ನೆಲ ಅಡ್ಡಕ್ಕೆ ಸೀಳಿತ್ತು. ನನ್ನ ಅಂಗೈ ಇಳಿಯುವಷ್ಟು ಅಗಲ. ಮಳೆನೀರು ಒಳಗೆ ಇಳಿಯುತ್ತಿತ್ತು, ಆದರೆ ಎಲ್ಲಿಯೂ ಹೊರಗೆ ಬರುತ್ತಿರಲಿಲ್ಲ. ಮೇಡಂ ಅಲ್ಲೇ ಕುಕ್ಕರಗಾಲಲ್ಲಿ ಕೂತರು. "ಒಳಗೇ ಹೋಗ್ತಾ ಇದೆ," ಎಂದರು. ಎದ್ದವರು ಜಾರುತ್ತ ಬೀಳುತ್ತ ಕೆಳಗಿಳಿದರು.

ಅಣ್ಣ ಅಂಗಳದಲ್ಲಿ ಜೀಪಿನ ಟಾರ್ಪಾಲು ಕಟ್ಟುತ್ತಿದ್ದ. ಮೇಡಂ ಮಳೆಯಲ್ಲಿ ಕೊಡೆ ಬಿಚ್ಚದೆ ಅವನೆದುರು ನಿಂತರು.

"ಲೈನಿನವರನ್ನ ಇವತ್ತೇ ಎಬ್ಬಿಸ್ಬೇಕು. ಈಗಲೇ."

"ಗುಡ್ಡ ಬೀಳ್ತೈತೆ ಅಂತ ಖಂಡಿತ ಹೇಳ್ತೀರಾ?"

"ಇಲ್ಲ, ಖಂಡಿತ ಗೊತ್ತಿಲ್ಲ. ಆದ್ರೂ ಎಬ್ಬಿಸಿ. ನೀವು ಎಬ್ಬಿಸದಿದ್ರೆ ನಾನೂ ಹೋಗಿ ಅವರ ಜೊತೆ ಆ ಲೈನಿನಲ್ಲೇ ಕೂತ್ಕೋತೀನಿ."

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅಣ್ಣ ಅವರನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಹೋಗು, ಸ್ಟೋರ್ ಖಾಲಿ ಮಾಡ್ಸು," ಎಂದ.

ಲೈನಿನಲ್ಲಿ ಎಲ್ಲರೂ ಗೊಣಗುತ್ತ ಹೊರಟರು, ರಂಗಮ್ಮನೊಬ್ಬಳನ್ನು ಬಿಟ್ಟು. ರಂಗಮ್ಮ ನಮ್ಮ ತೋಟದಲ್ಲಿಯೇ ಮುದುಕಿಯಾದವಳು. "ನಾ ಬರಕಿಲ್ಲ ಕಣವ್ವ. ನನ್ ಕೋಳಿ ಕಾವಿಗ್ ಕೂತೈತೆ. ಈಗ ಎಬ್ಸಿದ್ರೆ ಮೊಟ್ಟೆ ಎಲ್ಲಾ ಹಾಳಾಯ್ತವೆ," ಎಂದು ಹೊಸಿಲಿನ ಮೇಲೆ ಕೂತುಬಿಟ್ಟಳು. ಮೇಡಂ ಒಳಗೆ ನುಗ್ಗಿದರು. ಕೋಳಿ ಕೂತಿದ್ದ ಬುಟ್ಟಿಯನ್ನು ಅಲುಗಿಸದೆ ಎತ್ತಿ, ತಮ್ಮ ರೈನ್‌ಕೋಟು ಬಿಚ್ಚಿ ಅದಕ್ಕೆ ಹೊದಿಸಿ, ಎದೆಗೆ ಅವಚಿಕೊಂಡು ಮಳೆಯಲ್ಲಿ ನಡೆದರು. ಕೋಳಿ ಅವರ ಕೈಯನ್ನು ಕುಕ್ಕುತ್ತಲೇ ಇತ್ತು. ರಂಗಮ್ಮ ಕೋಳಿಯ ಹಿಂದೆ ಓಡಿ ಬಂದಳು.

ಆಮೇಲೆ ಶುರುವಾದದ್ದು ಕಾಯುವುದು. ಸ್ಟೋರಿನಲ್ಲಿ ಕಾಫಿ ಸಿಪ್ಪೆಯ ಮುಗ್ಗುಲು ವಾಸನೆ, ಒದ್ದೆ ಬಟ್ಟೆ, ಹೊಗೆ. ಗುಡ್ಡದ ಕಡೆಯಿಂದ ಒಂದು ಕೊಂಬೆ ಮುರಿದ ಸದ್ದು ಬಂದರೂ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಮೇಡಂ ಬಿರುಕಿನ ಎರಡೂ ಪಕ್ಕ ಗೂಟ ಹೊಡೆದು ನಡುವೆ ದಾರ ಕಟ್ಟಿದ್ದರು. ದಿನಾ ಬೆಳಿಗ್ಗೆ ಹೋಗಿ ಅದು ಎಷ್ಟು ಬಿಗಿದಿದೆ ಎಂದು ಮುಟ್ಟಿ ನೋಡುವುದು. ಬಿರುಕಿಗೆ ಜೇಡಿ ತುಂಬಿಸಿ ನೀರು ಇಳಿಯದ ಹಾಗೆ ಮಾಡಿದೆವು. ನೆಟ್ಟಗಿದ್ದ ಕಾಲುವೆಗಳನ್ನು ಮುಚ್ಚಿ ಪಕ್ಕಕ್ಕೆ ತಿರುಗಿಸಿದೆವು. ಅಣ್ಣನೇ ಮುಂದೆ ನಿಂತು ಹಾರೆ ಹಿಡಿದ, ಆದರೆ ಮೇಡಂ ಜೊತೆ ಮಾತಾಡುತ್ತಿರಲಿಲ್ಲ.

ದಾರ ಮೊದಲು ಬಿಗಿಯಿತು. ಆಮೇಲೆ ಹಾಗೆಯೇ ನಿಂತಿತು. ಗುಡ್ಡ ಬೀಳಲಿಲ್ಲ.

ಒಂದು ಬೆಳಿಗ್ಗೆ ಆ ಗೂಟದ ಪಕ್ಕ ನಿಂತಿದ್ದಾಗ ಮೇಡಂ ನನ್ನ ಮುಖ ನೋಡದೆ ಹೇಳಿದರು: "ಬೀಳಬಾರದು ಅಂತ ದೇವರನ್ನ ಬೇಡ್ಕೋತೀನಿ. ಅದೇ ಹೊತ್ತಿಗೆ, ಬೀಳದೇ ಹೋದ್ರೆ ಮುಂದೆ ನನ್ನ ಮಾತು ಯಾರೂ ಕೇಳಲ್ಲ ಅಂತಾನೂ ಗೊತ್ತಾಗ್ತಿದೆ. ಅದು ಮನಸ್ಸಿಗೆ ಬಂದಾಗ ನನ್ನ ಬಗ್ಗೆ ನನಗೇ ಹೆದರಿಕೆ ಆಗುತ್ತೆ." ನಾನು ಅವರ ತಲೆಯ ಮೇಲೆ ಕೊಡೆ ಹಿಡಿದೆ.

ಮಳೆ ಬಿಟ್ಟು ಹೊರಪಾಯಿತು. ಸ್ಟೋರಿನಲ್ಲಿದ್ದವರು ಬೇಸತ್ತಿದ್ದರು. ಯಾವಾಗ ಕೇಳಿದರೂ ಮೇಡಂ ಇನ್ನೆರಡು ದಿನ ಎನ್ನುತ್ತಿದ್ದರು. ಬಿಸಿಲು ಕಂಡ ದಿನ ಅಣ್ಣ ಅವರನ್ನು ಕೇಳದೆಯೇ ಎಲ್ಲರನ್ನೂ ಲೈನಿಗೆ ವಾಪಸ್ ಕಳಿಸಿದ. ರಂಗಮ್ಮ ಮರಿಗಳ ಬುಟ್ಟಿ ಹೊತ್ತು ಮೇಡಂ ಮುಂದೆ ಹಾದುಹೋದಳು. "ಎಲ್ಲಾ ಬದ್ಕವೆ ಕಣವ್ವ," ಎಂದಳು. ಮೇಡಂ ಬಗ್ಗಿ ಮರಿಗಳನ್ನು ನೋಡಿದರು, ಆದರೆ ಕೂಡಲೇ ಕಣ್ಣು ಗುಡ್ಡದ ಕಡೆ ಹೋಯಿತು.

ಊರಿಗೆ ಇಷ್ಟು ಸಾಕಾಯಿತು. 'ಗುಡ್ಡ ಬೀಳ್ಸೋ ಮೇಡಂ' ಎಂಬ ಹೆಸರು ಬಿತ್ತು. ಯಸಳೂರಿನ ಬಸ್ ಸ್ಟಾಂಡಿನಲ್ಲಿ ಯಾರೋ, "ಇವತ್ ಯಾವ್ ಗುಡ್ಡ ಮೇಡಂ?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ಎಲ್ಲರ ಜೊತೆ ನಕ್ಕರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಅವರ ಕಿವಿಯವರೆಗೆ ಕೆಂಪೇರಿದ್ದು ನನಗೆ ಕಂಡಿತು. ಸಾಲದ್ದಕ್ಕೆ ಆ ವರ್ಷ ಶುಂಠಿಯೂ ಚೆನ್ನಾಗಿಯೇ ಬಂತು. ಅಣ್ಣ ಒಂದು ದೊಡ್ಡ ಗೆಡ್ಡೆಯನ್ನು ಅವರ ಕೋಣೆಯ ಬಾಗಿಲಲ್ಲಿಟ್ಟು, "ನೋಡಿ ಮೇಡಮ್ಮೋರೇ, ನಿಮ್ ಬಡವಾದ್ ಮಣ್ಣು," ಎಂದ. ಮೇಡಂ ಗೆಡ್ಡೆಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಮರಗಳು ಕೂಡಿಟ್ಟಿದ್ದನ್ನ ತಿಂದು ಬೆಳೆದಿದೆ. ಮುಂದಿನ ವರ್ಷ ಕೂಡಿಡೋಕೆ ಅವು ಇಲ್ವಲ್ಲ," ಎಂದರು. ಜಗಳಕ್ಕೆ ಹೇಳಿದ ಮಾತಲ್ಲ ಅದು, ಕಾಯಿಲೆಯವರ ಬಗ್ಗೆ ಮಾತಾಡುವ ಹಾಗಿತ್ತು.

ಕೆಲಸದ ಅವಧಿ ಮುಗಿದು ಅವರು ಹೊರಟಾಗ ಅಣ್ಣ ಮನೆಯಲ್ಲಿರಲಿಲ್ಲ. ಇರಬಾರದೆಂದೇ ಹಾಸನಕ್ಕೆ ಹೋಗಿದ್ದ. ಅತ್ತಿಗೆ ಕಾಫಿ ಪುಡಿ, ಮೆಣಸು ಕಟ್ಟಿಕೊಟ್ಟು ಕಣ್ಣೊರೆಸಿಕೊಂಡರು.

ಮರುವರ್ಷ ಅದೇ ಜಾಗದಲ್ಲಿ ಶುಂಠಿ ಬೆರಳುದ್ದಕ್ಕೆ ನಿಂತಿತು. ಅದನ್ನು ಬಿಟ್ಟು ಅಣ್ಣ ಕಾಫಿ ಇಟ್ಟ. ಗೊಬ್ಬರ ಎಷ್ಟು ಹಾಕಿದರೂ ಎಲೆ ಹಳದಿಯೇ. ಹಾಕಿದ್ದೆಲ್ಲ ಮಳೆಗೆ ಇಳಿದು ಹೋಗುತ್ತಿತ್ತು. ಪಕ್ಕದಲ್ಲೇ ಉಳಿದ ಅರ್ಧದಲ್ಲಿ ಕಾಲಿಟ್ಟರೆ ತರಗೆಲೆಯಲ್ಲಿ ಪಾದ ಹುಗಿಯುತ್ತದೆ. ಮರದ ವ್ಯಾಪಾರಿಗಳು ಆ ಅರ್ಧವನ್ನು ಕೇಳಿಕೊಂಡು ಎಷ್ಟೋ ಸಲ ಬಂದರು. ಅಣ್ಣ ಅವರಿಗೆ ಕಾಫಿ ಕುಡಿಸಿ ಕಳಿಸಿದ. ಯಾಕೆ ಕೊಡಲಿಲ್ಲ ಎಂದು ನಾನು ಕೇಳಲಿಲ್ಲ. ಬೋಳು ಭಾಗದಲ್ಲಿ ಬೇರು ಬಿಟ್ಟು ಚಿಗುರುವ ಹಾಲವಾಣದ ಗೂಟ, ಹಲಸಿನ ಸಸಿ, ಅತ್ತಿ ಸಸಿ ನೆಟ್ಟ. ಅವು ಬರುತ್ತಿವೆ, ಆದರೆ ಬಹಳ ನಿಧಾನ. ಬಿರುಕು ಬಿದ್ದ ಜಾಗ ಈಗಲೂ ಒಂದು ಮೆಟ್ಟಿಲಿನಂತೆ ಕುಸಿದುಕೊಂಡೇ ಇದೆ. ಪ್ರತಿ ಆಷಾಢ ಮಳೆ ಬಿಡದೆ ಹಿಡಿದರೆ ಲೈನಿನವರನ್ನು ಸ್ಟೋರಿಗೆ ಸಾಗಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಜಾಗ ಬದಲಿಸಿ ಹೊಸ ಲೈನ್ ಕಟ್ಟುವ ಮಾತು ಪ್ರತಿ ವರ್ಷ ಬರುತ್ತದೆ. ಈ ಸಲ ತಳಪಾಯವಾದರೂ ಆಗಿದೆ.

ಮೇಡಂ ಮಳೆಗಾಲದಲ್ಲಿ ನನಗೆ ಫೋನ್ ಮಾಡುತ್ತಿದ್ದರು. ಕುಶಲ ಕೇಳುವ ಮೊದಲೇ, "ಗುಡ್ಡ ಹೇಗಿದೆ?" ಎನ್ನುತ್ತಿದ್ದರು. ಹಂಗೇ ಐತೆ ಮೇಡಂ ಎಂದರೆ ಉಸಿರು ಬಿಡುವುದು ಕೇಳಿಸುತ್ತಿತ್ತು.

ಈ ವರ್ಷದ ಆಷಾಢದಲ್ಲಿ ಮಳೆ ಕೊಡೆ ಮಡಚಲು ಬಿಡಲಿಲ್ಲ. ಅಣ್ಣ ಪಿಕಪ್ ತಂದು ಲೈನಿನವರ ಸಾಮಾನು ಸ್ಟೋರಿಗೆ ಸಾಗಿಸಿದ. ವಾರ ಕಳೆದು ಮಳೆ ತಗ್ಗಿತು. ರಂಗಮ್ಮ ಸ್ಟೋರಿನ ಬಾಗಿಲಿಗೆ ಬಂದು, "ಯಾವಾಗ್ ವಾಪಸ್ ಹೋಗದು ಗೌಡ್ರೇ?" ಎಂದು ಕೇಳಿದಳು. ಅಣ್ಣ ನನ್ನನ್ನು ಆಚೆ ಕರೆದ. ಜೇಬಿನಿಂದ ಫೋನ್ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಪ್ರತಿ ವರ್ಷ ಆಯಮ್ಮನೇ ಹೇಳ್ತಿದ್ದದ್ದು ಕಣೋ."

ನನಗೆ ಅರ್ಥವಾಗಲಿಲ್ಲ.

"ನಾನೇ ಫೋನ್ ಮಾಡ್ತಿದ್ದೆ. ಬಿರುಕ್ ಹೆಂಗೈತೆ, ಒರತೆ ಎಲ್ಲಿ ಎದ್ದೈತೆ ಅಂತೆಲ್ಲಾ ಹೇಳ್ತಿದ್ದೆ. ಕೇಳಿ ಕೇಳಿ, ಇನ್ನು ಕಳಿಸಿ ಅಂದ್ಮೇಲೇನೆ ಕಳಿಸ್ತಿದ್ದದ್ದು. ನಿಂಗ್ ಗೊತ್ತಾದ್ರೆ ನಗಾಡ್ತೀಯ ಅಂತ ಹೇಳ್ನಿಲ್ಲ." ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಈಗ ಯಾರನ್ ಕೇಳಾಣ ಮಾರಾಯ?"

ಇಬ್ಬರೂ ಮೇಲೆ ಹತ್ತಿ ನೋಡಿ ಬಂದೆವು. ಒಂದು ಕಡೆ ನೆಲ ಗಟ್ಟಿಯಿದ್ದ ಹಾಗಿತ್ತು, ಇನ್ನೊಂದು ಕಡೆ ಕಾಲಿಟ್ಟರೆ ಮೆತ್ತಗೆ ತಗ್ಗುತ್ತಿತ್ತು. ಸ್ಟೋರಿನ ಮುಂದೆ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಕಾಯುತ್ತಿದ್ದರು.

"ಇವತ್ ಬ್ಯಾಡ," ಎಂದ ಅಣ್ಣ.

ರಂಗಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಅಣ್ಣ ಮಾತ್ರ ಬಾಗಿಲಲ್ಲೇ ನಿಂತಿದ್ದ, ಕತ್ತೆತ್ತಿ ಮೇಲಕ್ಕೆ ನೋಡುತ್ತ.